ಖಾಲಿ ಔಷಧಿ ಕೋಶ

ಹೊಳೆಯ ಈ ದಂಡೆಯಲ್ಲಿ ಅನ್ನದಾನಯ್ಯನವರ ಆಶ್ರಮ. ಆ ದಂಡೆಯಲ್ಲಿ ಡಾಕ್ಟರ್ ನಸ್ರೀನ್ ಅವರ ಚಿಕ್ಕ ಆಸ್ಪತ್ರೆ.

ಕಾವಿ ತೊಡುವ ಮೊದಲು ಅನ್ನದಾನಯ್ಯನವರು ಸಾಫ್ಟ್‌ವೇರ್ ಬರೆಯುತ್ತಿದ್ದರು. ಕಾವಿ ತೊಟ್ಟ ಮೇಲೂ ಆ ಚಟ ಬಿಡಲಿಲ್ಲ. ಶಿಷ್ಯರನ್ನು ಕೂಡಿಸಿಕೊಂಡು, ರೋಗಿಗಳ ವಿವರ ಇಡುವ ಒಂದು ಸಾಫ್ಟ್‌ವೇರ್ ಮಾಡಿದರು. ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ಅದು ಮೊದಲೇ ಎಚ್ಚರಿಸುತ್ತಿತ್ತು. ಬೇಕಾದವರು ಒಯ್ಯಲಿ, ತಿದ್ದಲಿ, ಇನ್ನೊಬ್ಬರಿಗೆ ಕೊಡಲಿ ಎಂದು ತೆರೆದಿಟ್ಟರು.

ಅದನ್ನು ಆ ದಂಡೆಗೆ ಮುಟ್ಟಿಸುವ ಕೆಲಸ ಶಿಷ್ಯ ಪಂಪಾಪತಿಯ ಪಾಲಿಗೆ ಬಂತು. ಜಾಣ, ಆದರೆ ಬಲು ಅವಸರದವನು. ಹೋದ ದಿನವೇ ಮುಖ ಬಾಡಿಸಿಕೊಂಡು ವಾಪಸು ಬಂದ.

“ಅಜ್ಜಾರ, ಅಲ್ಲಿ ಬಿಲ್ಡ್ ಆಗವಲ್ದ್ರಿ.”

ಬರೆದ ಸಾಲುಗಳನ್ನೆಲ್ಲ ಜೋಡಿಸಿ, ಓಡುವ ಸಾಫ್ಟ್‌ವೇರ್ ಮಾಡುವುದಕ್ಕೆ ಅವರು ಬಿಲ್ಡ್ ಎನ್ನುತ್ತಿದ್ದರು.

“ಇಲ್ಲಿ ಆಗ್ತೈತಿ?”

“ಇಲ್ಲಿ ಹೂ ಎತ್ತಿದಂಗ ಆಗ್ತೈತ್ರಿ.”

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ.

“ಎಲ್ಲಿಗೆ ಬಂದು ನಿಲ್ತೈತಿ?”

“ಔಷಧಿ ಕೋಶ ಎಲ್ಲಿ ಅಂತ ಕೇಳಿ ನಿಲ್ತೈತ್ರಿ.”

ಕೋಶವೆಂದರೆ, ಯಾವ ಔಷಧಿ ಯಾವ ವಂಶದ್ದು ಎಂದು ತಿಳಿಸುವ ದೊಡ್ಡ ಫೈಲು. ಒಂದು ಔಷಧಿ ಒಗ್ಗದವರಿಗೆ ಅದರ ದಾಯಾದಿಗಳೂ ಮುಳುವಾಗಬಹುದು. ಆ ಕೋಶ ಒಂದು ಕಂಪನಿಯ ಸೊತ್ತು. ಆಶ್ರಮದ ಸೂರಿನಡಿ ಬಳಸಲು ಮಾತ್ರ ಅವರು ಲೈಸೆನ್ಸ್ ಕೊಟ್ಟಿದ್ದರು. ಎಷ್ಟೋ ಕಾಲದಿಂದ ಪಂಪಾಪತಿಯ ಕಂಪ್ಯೂಟರಿನಲ್ಲೇ ಇದ್ದುದರಿಂದ, ಅದು ಹೊರಗಿನದು ಎಂಬುದೇ ಅವನಿಗೆ ಮರೆತುಹೋಗಿತ್ತು.

“ಆ ದವಾಖಾನಿಗೂ ಲೈಸೆನ್ಸ್ ಕೇಳಿದಿ?”

“ಅಲ್ಲಿಂದನ ಫೋನ್ ಹಚ್ಚಿ ಕೇಳೀನ್ರಿ. ಕಂಪನಿಯವರು ಸಮಿತಿ ಮುಂದ ಇಡ್ತೀವಿ ಅಂದ್ರು. ಸಮಿತಿ ಯಾವಾಗ ಕೂಡ್ತೈತಿ ಅಂದ್ರ, ಅದನ್ನೂ ಸಮಿತೀನ ಹೇಳ್ಬೇಕಂತ.”

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

“ನಮ್ಮ ಕೋಶಾನ ನಕಲು ಮಾಡಿ ಒಯ್ದ್ರ?” ಗುರುಗಳು ಕೇಳಿದರು.

“ಬ್ಯಾಡ್ರಿ. ನಮ್ದಲ್ಲದ್ದನ್ನ ಎಲ್ಲಾರೂ ಒಯ್ರಿ ಅಂತ ಹೆಂಗ ಕೊಡೂದು?”

ಗುರುಗಳ ಮುಖ ಅರಳಿತು. ಪರೀಕ್ಷೆ ಮುಗಿಯಿತೆಂದು ಶಿಷ್ಯ ತಿಳಿದ. ಪಾಪ.

ಆದರೂ ಅವನ ಅವಸರ ತಗ್ಗಲಿಲ್ಲ. ಆಸ್ಪತ್ರೆಯ ಹಳೆಯ ಸಾಫ್ಟ್‌ವೇರ್ ಕೆಟ್ಟು ಕೂತಿತ್ತು. ಡಾಕ್ಟರ್ ದಿನವೂ ಫೋನ್ ಮಾಡಿ, “ಇವತ್ತರ ಆಗ್ತೈತೇನ್ರಿ?” ಎನ್ನುತ್ತಿದ್ದರು. ಫೋನ್ ಸದ್ದಾದರೆ ಸಾಕು, ಅವನು ಉಣ್ಣುವ ತಾಟು ಬಿಟ್ಟು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದ.

ಒಂದು ಬೆಳಿಗ್ಗೆ ಮಾತ್ರ ಕುಣಿಯುತ್ತ ಬಂದ.

“ಆತ್ರಿ ಅಜ್ಜಾರ! ನಿನ್ನೆ ಸಂಜೀಕೆ ಬಿಲ್ಡ್ ಆತು. ಅಲ್ಲಿ ಓಡಾಕ್ಹತ್ತೈತಿ.”

“ಲೈಸೆನ್ಸ್ ಬಂತು?”

“ಇಲ್ರಿ. ಕೋಶದ ಜಾಗಾದಾಗ ಒಂದು ಖಾಲಿ ಕೋಶ ಇಟ್ಟೆ. ಹೆಸರು ಅದೇ, ಒಳಗ ಏನಿಲ್ಲ. ಕೋಶ ಐತಿ ಅಂತ ತಿಳ್ಕೊಂಡು ಬಿಲ್ಡ್ ಮುಂದ ಹೋತು. ಯಾರದೂ ಕದೀಲಿಲ್ಲ, ಯಾರ ಕಾಲೂ ಹಿಡೀಲಿಲ್ಲ.”

ಗುರುಗಳು ನಗಲಿಲ್ಲ.

“ಇಲ್ಲೂ ಆ ಖಾಲೀದನ್ನ ಇಡು.”

ಇಟ್ಟ.

“ಒಬ್ಬ ರೋಗಿ ಹೆಸರು ಹಾಕು.”

“ದುರುಗವ್ವ, ಆ ದಂಡಿಯಾಕಿ. ಕಾಲಿಗೆ ಹುಣ್ಣಾಗೈತಿ, ಇವತ್ತ ತೋರಿಸ್ಕೊಳ್ಳಾಕ ಬರ್ತಾಳಂತ. ಹೋದ ವರ್ಷ ಎಲ್ಲೋ ಪೆನಿಸಿಲಿನ್ ಕೊಟ್ಟು, ಗಂಟಲು ಬಿಗಿದು, ಸಾಯೂದ್ರಾಗ ಉಳಿದಾಳ್ರಿ. ಅದನ್ನೂ ಹಾಕೀನಿ.”

“ಪೆನಿಸಿಲಿನ್ ವಂಶದ್ದು ಯಾವುದರ ಒಂದು ಗುಳಿಗಿ ಬರಿ.”

ಬರೆದ. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಅಪಾಯವಿಲ್ಲ.

ಪಂಪಾಪತಿಯ ಬೆರಳು ನಿಂತವು.

“ಈಗ ಹೊಲಕ್ಕ ಹೊಡಿಯೂ ವಿಷ, ಎಂಡ್ರಿನ್ ಅಂತ ಬರಿ.”

ಬರೆದ.

ಅಪಾಯವಿಲ್ಲ.

ಪಂಪಾಪತಿ ದಡಕ್ಕನೆ ಎದ್ದ. ಡಾಕ್ಟರಿಗೆ ಫೋನ್ ಹಚ್ಚಿದ. ರೋಗಿಗಳನ್ನು ನೋಡುವಾಗ ಅವರು ಫೋನನ್ನು ಮೇಜಿನ ಖಾನೆಯೊಳಗೆ ಇಟ್ಟುಬಿಡುತ್ತಿದ್ದರು. ಅದು ಬಾರಿಸಿ ಬಾರಿಸಿ ಸುಮ್ಮನಾಯಿತು.

ಹೊಳೆಗೆ ಓಡಿದ. ಗುರುಗಳೂ ಹಿಂದೆಯೇ ಬಂದರು. ಅಂಬಿಗ ಹರಿಗೋಲನ್ನು ನಡುಹೊಳೆಗೆ ಒಯ್ದಿದ್ದ. ಪಂಪಾಪತಿ ಕೂಗಿದ ಕೂಗಿಗೆ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದವು. ಅಂಬಿಗ ಹೊರಳಿ ಬರುವವರೆಗೆ ಅವನು ಮೊಣಕಾಲು ನೀರಿನಲ್ಲಿ ನಿಂತೇ ಇದ್ದ.

“ಅಜ್ಜಾರ, ಆಕಿ ನುಂಗಿಬಿಟ್ಟಿದ್ರ?”

ಗುರುಗಳು ಕಾವಿ ಎತ್ತಿ ಕಟ್ಟಿದರು. ಹರಿಗೋಲು ಹತ್ತಿ ತಾವೂ ಒಂದು ಹುಟ್ಟು ಹಿಡಿದರು.

ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ದುರುಗವ್ವ ರೊಟ್ಟಿಯ ಗಂಟು ಬಿಚ್ಚುತ್ತ ಕೂತಿದ್ದಳು. ಗುಳಿಗೆ ಪಕ್ಕದಲ್ಲಿತ್ತು.

“ಯವ್ವಾ, ಗುಳಿಗಿ ತಗೊಂಡಿಯೇನು?”

“ಉಂಡ ಮ್ಯಾಲೆ ತಗೋ ಅಂದಾರಪ್ಪ. ಈಗ ಉಣ್ಣಾಕ ಕುಂತೀನಿ.”

ಪಂಪಾಪತಿ ಗುಳಿಗೆ ಕಸಿದುಕೊಂಡ. ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

“ಹುಣ್ಣು ನನಗಾಗೈತಿ,” ದುರುಗವ್ವ ಬೆರಗಾಗಿ ನೋಡಿದಳು, “ನೀ ಯಾಕ ಅಳ್ತೀಯೋ?”

ಗದ್ದಲ ಕೇಳಿ ಡಾಕ್ಟರ್ ನಸ್ರೀನ್ ಹೊರಬಂದರು. ಗುಳಿಗೆ ನೋಡಿದರು, ಅವನ ಮುಖ ನೋಡಿದರು.

“ಇದರ ಹೆಸರು ಹೊಸದಿತ್ತು. ಅಪಾಯವಿಲ್ಲ ಅಂತ ತೋರಿಸ್ತು, ನಂಬಿದೆ.”

“ಅದಕ್ಕ ಏನೂ ಗೊತ್ತಿರಲಿಲ್ರಿ ಮೇಡಂ. ನಾನ ಅದರ ಬಾಯಿಲೆ ಹಂಗ ಅನ್ನಿಸಿದೆ.”

ಡಾಕ್ಟರ್ ಬೇರೆ ಗುಳಿಗೆ ತರಲು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಪಂಪಾಪತಿಗೆ.

“ಕೋಶ ಇಲ್ಲ. ಲೈಸೆನ್ಸ್ ಯಾವಾಗ ಬರ್ತೈತೋ ಗೊತ್ತಿಲ್ಲ. ಇದನ್ನ ತಗದುಬಿಡ್ಲೇನ್ರಿ ಅಜ್ಜಾರ?”

“ರೋಗಿಗಳ ವಿವರ ಇಡಾಕ ಬರ್ತೈತಿಲ್ಲೋ?”

“ಬರ್ತೈತ್ರಿ.”

“ಔಷಧಿ ವಂಶ?”

“ಅದಕ್ಕ ಗೊತ್ತಿಲ್ರಿ.”

“ಹಂಗಂತ ಹೇಳ್ಲಿ.”

ಪಂಪಾಪತಿ ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಕೂತ. ಹಸಿರು ಅಕ್ಷರ ಅಳಿಸಿ, ಕೆಂಪಿನಲ್ಲಿ ಬರೆದ: ನನಗೆ ಗೊತ್ತಿಲ್ಲ, ವಿಚಾರಿಸಿ ಕೊಡಿ. ಬಿಲ್ಡ್ ಮಾಡಿದ. ಯಾವ ಔಷಧಿ ಹಾಕಿದರೂ ಅದೇ ಬಂತು. ಅವನಿಗೆ ನಾಚಿಕೆಯಾಯಿತು.

“ಅಜ್ಜಾರ, ಕೇಳಿದ್ದಕ್ಕೆಲ್ಲ ಗೊತ್ತಿಲ್ಲ, ಗೊತ್ತಿಲ್ಲ ಅಂತೈತಿ. ಪುಕ್ಕಟೆ ಕೊಟ್ರೂ ಇಂಥದನ್ನ ಯಾರು ಒಯ್ತಾರ್ರಿ?”

ಗುರುಗಳು ಕಿಟಕಿಯಾಚೆ ಬೇವಿನ ಗಿಡದ ಕಡೆ ನೋಡಿದರು.

“ದುರುಗವ್ವ ರೊಟ್ಟಿ ತಿನ್ನಾಕ್ಹತ್ತಾಳ. ಮುಗಿಸ್ಲಿ. ಆಮ್ಯಾಲೆ ಆಕಿನ್ನ ಕೇಳು.”