ಓಟಗಾರನ ಎದೆಪಟ್ಟಿ

"ಗುರುಗಳೇ, ಧ್ಯಾನಕ್ಕೆ ಕೂತಾಗ ನನ್ನ ಮನಸ್ಸು ನಿಂತಿತೋ ಇಲ್ಲವೋ ನನಗೊಬ್ಬನಿಗೇ ಗೊತ್ತು. ನಿಲ್ಲದಿದ್ದರೂ ನಿಂತಿತು ಎಂದು ನಿಮಗೆ ಸುಳ್ಳು ಹೇಳಿದೆ ಅಂತಿಟ್ಟುಕೊಳ್ಳಿ. ಕೆಡುವವನು ನಾನೊಬ್ಬನೇ ತಾನೆ? ಬೇರೆಯವರಿಗೇನು ನಷ್ಟ?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಅಂತಿಟ್ಟುಕೊಳ್ಳಿ ಅಂತೀಯ! ಸುಳ್ಳು ಆಗಲೇ ಹೇಳಿಯಾಗಿದೆ ಅಂತ ನಿನ್ನ ಮುಖವೇ ಹೇಳುತ್ತಿದೆ. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು ಗುರುಗಳು.

ಒಬ್ಬ ಓಟಗಾರನಿದ್ದ. ದೂರದ ಓಟದಲ್ಲಿ ಗೆಲ್ಲಬೇಕೆಂಬುದು ಅವನ ಆಸೆ. ಅವನಿಗೆ ಅಪ್ಪ ಅಮ್ಮ ಇರಲಿಲ್ಲ, ಇದ್ದವಳು ಅಕ್ಕ ಒಬ್ಬಳೇ. ತಲೆಯ ಮೇಲೆ ಬುಟ್ಟಿ ಹೊತ್ತು, ಬೀದಿ ಬೀದಿ ತಿರುಗಿ ಸೊಪ್ಪು ಮಾರಿ ಅವನನ್ನು ಸಾಕಿದವಳು.

ಅವನ ಕೋಚ್ ಅವನಿಗೆ ಎದೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ ಕೊಟ್ಟ. ಎದೆ ಎಷ್ಟು ಸಲ ಬಡಿಯಿತು, ಹೇಗೆ ಬಡಿಯಿತು ಎಂಬುದನ್ನು ಅದು ಹಿಡಿದಿಡುತ್ತಿತ್ತು. ಕೋಚ್ ಸಂಜೆ ಅದನ್ನು ಫೋನಿನಲ್ಲಿ ನೋಡಿ, ಮರುದಿನ ಎಷ್ಟು ಓಡಬೇಕೆಂದು ಹೇಳುತ್ತಿದ್ದ.

"ಬಡಿತ ನಾನು ಹೇಳಿದ ಮಿತಿ ದಾಟಬಾರದು. ದಾಟಿದರೆ ಓಟ ಬಿಟ್ಟು ನಡೆ, ನಾಚಿಕೆ ಬೇಡ. ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ ಓಡಿದರೇ ಎದೆ ಗಟ್ಟಿಯಾಗುವುದು. ಎದೆ ಗಟ್ಟಿಯಾದರೆ ವೇಗ ತಾನಾಗಿ ಬರುತ್ತದೆ" ಎಂದು ಕೋಚ್ ಹೇಳಿದ್ದ.

ಮಾತೇನೋ ಸರಿ. ಆದರೆ ಓಡಬಲ್ಲವನಿಗೆ ನಿಧಾನ ಓಡು ಎಂದರೆ ಸುಲಭವೆ? ಏರು ಬಂದರೆ ಸಾಕು, ಬಡಿತ ಮಿತಿ ದಾಟುತ್ತಿತ್ತು, ಅವನು ನಡೆಯಬೇಕಾಗುತ್ತಿತ್ತು. ಹೊಟ್ಟೆ ಕರಗಿಸಲು ಬಂದ ಮುದುಕರೂ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. "ಏನಪ್ಪಾ, ಹೆಣ್ಣು ನೋಡಲು ಹೊರಟೆಯಾ, ಇಷ್ಟು ಮೆಲ್ಲಗೆ?" ಎಂದು ಚಹಾದಂಗಡಿಯಲ್ಲಿ ಕೂತವರು ನಗುತ್ತಿದ್ದರು. ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಕೊನೆಗೆ ಒಂದು ಉಪಾಯ ಹೂಡಿದ. ಬುಟ್ಟಿ ಹೊತ್ತು ನಡೆಯುವವಳ ಬಡಿತವೂ ಮೆಲ್ಲಗೆ ಓಡುವವನ ಬಡಿತವೂ ಹೆಚ್ಚುಕಡಿಮೆ ಒಂದೇ ಎಂದುಕೊಂಡು ಪಟ್ಟಿಯನ್ನು ಅಕ್ಕನ ಕೈಗೆ ಕೊಟ್ಟ.

"ಇದ್ಯಾಕೋ ನನಗೆ?" ಎಂದಳು ಅಕ್ಕ.

"ಸುಮ್ಮನೆ ಕಟ್ಟಿಕೊಳ್ಳೇ ಅಕ್ಕಾ. ನನ್ನ ಓಟಕ್ಕೆ ಒಳ್ಳೆಯದು."

ತಮ್ಮನಿಗೆ ಒಳ್ಳೆಯದು ಅಂದಮೇಲೆ ಮುಗಿಯಿತು. ಅವಳು ದಿನವೂ ಪಟ್ಟಿ ಕಟ್ಟಿಕೊಂಡು ಸೊಪ್ಪು ಮಾರಿದಳು. ಇವನು ಊರ ಹೊರಗಿನ ರಸ್ತೆಯಲ್ಲಿ ಮನಸೋ ಇಚ್ಛೆ ಓಡಿದ. ಕೋಚ್ ಸಂಜೆ ಫೋನು ನೋಡಿ, "ಭಲೇ, ಈಗ ದಾರಿಗೆ ಬಂದೆ" ಎಂದು ಬೆನ್ನು ತಟ್ಟಿದ.

ಪಂದ್ಯ ಹತ್ತಿರ ಬಂತು. ಒಂದು ಸಂಜೆ ಫೋನು ನೋಡುತ್ತಿದ್ದ ಕೋಚ್‌ನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಇದೇನೋ ಇದು! ಬಡಿತ ತಾಳ ತಪ್ಪಿದೆ. ಒಮ್ಮೆ ಎಗರುತ್ತದೆ, ಒಮ್ಮೆ ನಿಂತೇ ಹೋದ ಹಾಗಿದೆ. ಪಂದ್ಯ ಹಾಳಾಗಿ ಹೋಗಲಿ, ಮೊದಲು ಆಸ್ಪತ್ರೆಗೆ ನಡೆ."

ಓಟಗಾರ ಹೆದರಿಹೋದ. ಮಿತಿ ಮೀರಿ ಓಡಿದ್ದೇ ಮುಳುವಾಯಿತು, ಇನ್ನು ಸತ್ತೆ ಎಂದುಕೊಂಡ. ಆ ಹೆದರಿಕೆಯಲ್ಲಿ ಅವನಿಗೆ ಬೇರೇನೂ ತೋಚಲಿಲ್ಲ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಪಟ್ಟಿ ತೋರಿಸಿದ, ಅದು ಹಿಡಿದಿದ್ದನ್ನೂ ತೋರಿಸಿದ. ಡಾಕ್ಟರು ಹುಬ್ಬು ಗಂಟಿಕ್ಕಿ ಅವನನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸಿದರು. ಕೊನೆಗೆ, "ನಿನ್ನ ಎದೆಗೆ ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದ್ದೀಯ, ಹೋಗು" ಎಂದರು.

ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೇಳುತ್ತಿದ್ದ ಚೆನ್ನವೀರ, "ಸದ್ಯ, ಬದುಕಿದ!" ಎಂದು ನಕ್ಕುಬಿಟ್ಟ.

ಗುರುಗಳು ಅವನ ಮುಖವನ್ನೊಮ್ಮೆ ನೋಡಿದರು. "ಬಾಯಿ ಹಾಕಬೇಡ ಅಂದಿದ್ದೆ" ಎಂದು ಕತೆ ಮುಂದುವರಿಸಿದರು.

ಓಟಗಾರ ಕುಣಿಯುತ್ತ ಹಿಂದಿರುಗಿದ. ಪಟ್ಟಿಯೇ ಕೆಟ್ಟಿರಬೇಕು ಎಂದು ಕೋಚ್‌ನನ್ನು ಒಪ್ಪಿಸಿ, ಪಂದ್ಯದಲ್ಲಿ ತನ್ನ ಜಾಗ ಉಳಿಸಿಕೊಂಡ. ನಡೆದದ್ದನ್ನು ಕೇಳಿ ಅಕ್ಕ ಅತ್ತೇಬಿಟ್ಟಳು. "ನಿನಗೇನಾದರೂ ಆಗಿದ್ದರೆ ನಾನು ಇದ್ದು ಏನು ಮಾಡಬೇಕಿತ್ತೋ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಸೊಪ್ಪು ಮಾರಲು ಹೋದಳು. ಯಾರದೋ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಎದೆ ಹಿಡಿದುಕೊಂಡು ಅಲ್ಲೇ ಒರಗಿದಳು. ಮತ್ತೆ ಏಳಲಿಲ್ಲ.

ಸುದ್ದಿ ಕೇಳಿ ಓಟಗಾರ ಬಿದ್ದಂಬೀಳ ಓಡಿ ಬಂದ. ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಅವಳ ಎದೆಯಿಂದ ಪಟ್ಟಿಯೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಇದು ನೀನು ನಿನ್ನೆ ತಂದಿದ್ದ ಪಟ್ಟಿಯಲ್ಲವೇನೋ? ಹಾಗಾದರೆ ನಾನು ನೋಡಿದ್ದು ಇವಳ ಬಡಿತವೆ? ನಿನ್ನೆಯೇ ಕರೆತಂದಿದ್ದರೆ ಉಳಿಯುತ್ತಿದ್ದಳಲ್ಲೋ!"

ಓಟಗಾರ ಅಕ್ಕನ ಕಾಲ ಬಳಿ ಕುಸಿದು ಕೂತ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕಣ್ಣಗಲಿಸಿ ಎದ್ದುನಿಂತ.

"ಅಯ್ಯೋ ಪಾಪಿ! ನಿನ್ನ ಎದೆ ಸರಿಯಾಗಿದೆ ಎಂದು ಡಾಕ್ಟರು ಹೇಳಿದಾಗಲಾದರೂ, ಹಾಗಾದರೆ ಕೆಟ್ಟಿರುವುದು ಅಕ್ಕನ ಎದೆ ಎಂದು ಅವನಿಗೆ ಹೊಳೆಯಬಾರದಿತ್ತೆ ಗುರುಗಳೇ?"

ಗುರುಗಳು ಹೇಳಿದರು, "ಆಗ ನೀನು ನಕ್ಕೆಯಲ್ಲಪ್ಪಾ."