ಹೆಸರು ಮುಗಿಯುವ ತನಕ ನೀರು

ಹೊಳೆಯ ದಂಡೆಗೆ ಒಂದು ಮಠ. ಮಠದ ಹಿಂದೆ ಒಂದು ತೋಪು.

ತೋಪಿನ ಒಂದೊಂದು ಗಿಡವೂ ತೀರಿಹೋದ ಒಬ್ಬೊಬ್ಬರ ಹೆಸರಿನದು. ಬುಡದಲ್ಲಿ ಗೂಟ, ಗೂಟಕ್ಕೆ ತಗಡು, ತಗಡಿನ ಮೇಲೆ ಹೆಸರು.

ನೀರು ಹಾಕಲು ಅಲ್ಲೊಂದು ಕಟ್ಟಳೆ ಇತ್ತು. ದರ್ಶನಕ್ಕೆ ಬಂದವರು ಗಿಂಡಿ ಹಿಡಿದು ಗಿಡದ ಮುಂದೆ ನಿಲ್ಲಬೇಕು. ಹೆಸರನ್ನು ಎಳೆದು ಕರೆಯಬೇಕು. ಕರೆಯುವಷ್ಟು ಹೊತ್ತು ಗಿಂಡಿ ಬಗ್ಗಿರಬೇಕು. ಹೆಸರು ಮುಗಿದರೆ ನೀರೂ ಮುಗಿಯಿತು. ಮುಂದಿನ ಗಿಡಕ್ಕೆ ನಡೆಯಬೇಕು.

ಇನ್ನೊಂದು ಮಾತು. ಒಂದು ಹೆಸರಿಗೆ ಒಂದೇ ಸಸಿ. ಅದು ಒಣಗಿದರೆ ಆ ಹೆಸರಿಗೆ ಮತ್ತೊಂದು ನೆಡುವಂತಿಲ್ಲ.

ಮಠದ ಗುರುವನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು. ಅವರ ಶಿಷ್ಯ ಚಿದಾನಂದ, ಭಕ್ತರ ಬಾಯಲ್ಲಿ ಮರಿದೇವರು. ಕಾಲೇಜು ಓದಿ ಬಂದವನು. ಇಂಗ್ಲಿಷ್ ಬಲ್ಲವನು. ಹೊರನಾಡಿನಿಂದ ಬರುವವರಿಗೆ ಕನ್ನಡ ಓದಲು ಬಾರದು ಎಂದು, ತಗಡುಗಳ ಮೇಲಿನ ಕನ್ನಡ ಅಳಿಸಿ ಇಂಗ್ಲಿಷಿನಲ್ಲಿ ಹೆಸರು ಬರೆಯುವ ಕೆಲಸ ಅವನ ತಲೆಗೆ ಬಿತ್ತು.

ಬೇಸಿಗೆ. ತಗಡು ಕಾದು ಕೈ ಸುಡುತ್ತಿತ್ತು. ಬಣ್ಣ ಜಾರುತ್ತಿತ್ತು. ಹೆಸರುಗಳೋ ಮುಗಿಯುವಂಥವಲ್ಲ. ಸಂಗಮನಾಥಯ್ಯ. ಮಹಾಲಿಂಗಶೆಟ್ಟಿ. ಕೊಟ್ಟೂರಬಸಮ್ಮ.

ಚಿದಾನಂದ ಕುಂಚ ಕೆಳಗಿಟ್ಟ. ಈ ಹಿರಿಯರಿಗೆ ಒಂದಾದರೂ ಗಿಡ್ಡ ಹೆಸರು ಸಿಗಬಾರದಿತ್ತೇ ಅಂದುಕೊಂಡ. ಮತ್ತೆ ಕುಂಚ ಎತ್ತಿಕೊಂಡು, ಎಲ್ಲ ಹೆಸರುಗಳ ಬಾಲ ಕತ್ತರಿಸಿದ. ಮಹಾಲಿಂಗಶೆಟ್ಟಿ ‘ಮಹಾ’ ಆದರು. ಕೊಟ್ಟೂರಬಸಮ್ಮ ‘ಕೊಟ್’ ಆದಳು. ಕತ್ತರಿಸಿದ ಕಡೆ ಒಂದೊಂದು ಚುಕ್ಕೆ ಇಟ್ಟ.

ಸಂಜೆ ಅಜ್ಜಯ್ಯ ತೋಪಿಗೆ ಬಂದರು. ತಗಡು ನೋಡಿದರು.

“ಇದೇನು, ನೊಣ ಕೂತಂಗಿದೆ?”

“ಚುಕ್ಕೆ, ಅಜ್ಜಯ್ಯ. ಇಂಗ್ಲಿಷಿನಲ್ಲಿ ಉದ್ದದ ಹೆಸರನ್ನು ಹಿಂಗೆ ಮೊಟಕು ಮಾಡಿ ಬರೀತಾರೆ. ಚುಕ್ಕೆ ಇಟ್ಟರೆ ಮುಂದೆ ಇನ್ನೂ ಇದೆ ಅಂತ ಅರ್ಥ.”

“ಮುಂದೆ ಇರೋದು ಎಲ್ಲಿದೆ?”

“ಓದೋರು ತಿಳ್ಕೋಬೇಕು.”

“ತಿಳ್ಕೊಳ್ಳದಿದ್ದರೆ?”

“ಗುರುತು ಸಿಕ್ಕರೆ ಸಾಕಲ್ಲ, ಅಜ್ಜಯ್ಯ. ತಗಡು ಅಂಗೈಯಗಲ. ನಾನು ಎಲ್ಲಿ ಅಂತ ಬರೀಲಿ?”

ಅಜ್ಜಯ್ಯ ತಗಡಿನ ಮೇಲೆ ಅಂಗೈ ಇಟ್ಟು ಅಳತೆ ನೋಡಿದರು. ಹೋದರು.

ಮರುದಿನ ಪಂಕ್ತಿಯಲ್ಲಿ ಅಜ್ಜಯ್ಯನೇ ಬಡಿಸಲು ನಿಂತರು. ಎಲ್ಲರ ತಟ್ಟೆಗೂ ಇಡೀ ರೊಟ್ಟಿ, ಮೇಲೆ ಪಲ್ಯ. ಚಿದಾನಂದನ ತಟ್ಟೆಗೆ ರೊಟ್ಟಿಯದೊಂದು ಚೂರು. ಪಕ್ಕದಲ್ಲಿ ಬೆರಳ ತುದಿಯಿಂದ ಒತ್ತಿದಷ್ಟು ಚಟ್ನಿ.

ಚಿದಾನಂದ ಕಾದ. ಅಜ್ಜಯ್ಯ ಮುಂದೆ ಹೋದರು.

“ಅಜ್ಜಯ್ಯ, ನನಗೆ ರೊಟ್ಟಿ ಬೀಳಲಿಲ್ಲ.”

“ಬಿದ್ದಿದೆಯಲ್ಲ. ರೊಟ್ಟಿ ಅಂತ ಗುರುತು ಸಿಗ್ತದೆ. ಚುಕ್ಕೇನೂ ಇಟ್ಟೀನಿ. ಉಳಿದದ್ದು ತಿಳ್ಕೋ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡುಗೆಯ ನಿಂಗಜ್ಜಿ ಸೆರಗು ಬಾಯಿಗೆ ಹಿಡಿದು, “ನೀರು ಕುಡಿ ಮಗಾ, ಅದನ್ನಾದರೂ ಪೂರ್ತಿ ಕೊಡ್ತೀನಿ” ಅಂದಳು.

ಚಿದಾನಂದನ ಕಿವಿ ಕೆಂಪಾಯಿತು. ಹಸಿದ ಹೊಟ್ಟೆಗೆ ಬುದ್ಧಿ ಬರಲಿಲ್ಲ, ಸಿಟ್ಟು ಬಂತು. ತಗಡುಗಳು ಮೊದಲಿನಂತೆಯೇ ಉಳಿದವು.

ಜನ ಬರುತ್ತಿದ್ದರು. ಗಿಂಡಿ ಬಗ್ಗಿಸುತ್ತಿದ್ದರು. “ಕೊಟ್” ಅನ್ನುತ್ತಿದ್ದರು. ಎರಡು ಹನಿ ಬೀಳುತ್ತಿತ್ತು. ಗಿಂಡಿ ಎತ್ತಿ ಮುಂದೆ ನಡೆಯುತ್ತಿದ್ದರು.

ಅಮಾವಾಸ್ಯೆಗೆ ಹಾಲಪ್ಪ ಬಂದ. ಪೇಟೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟವನು. ಕೊಟ್ಟೂರಬಸಮ್ಮ ಅವನ ಹೆಂಡತಿ. ಮೊನ್ನೆ ಚಳಿಗಾಲದಲ್ಲಿ ಹೋದಳು. ಹೊಂಗೆ ಸಸಿಯನ್ನು ಅವನೇ ತಂದು ನೆಟ್ಟಿದ್ದ.

ಸಸಿಯ ಎಲೆ ಸುರುಟಿಕೊಂಡಿತ್ತು. ಹಾಲಪ್ಪ ಒಂದು ಎಲೆ ಮುಟ್ಟಿದ. ಅದು ಕೈಗೇ ಬಂತು.

“ಮರಿದೇವ್ರೇ, ಇದು ಬದುಕ್ತದಾ?”

ಚಿದಾನಂದ ಬುಡದ ಮಣ್ಣು ಕೆದಕಿದ.

“ಹುಟ್ಟಿದಾಗಿಂದ ಬೆಂಕಿ ಮುಂದೆ ಕೂತವಳು. ಸಾಯೋವಾಗ ಒಂದೇ ಕೇಳಿದಳು. ಸಮಾಧಿಗೆ ಕಲ್ಲು ಹಾಕಬ್ಯಾಡ, ನೆರಳು ಮಾಡು ಅಂದಳು. ಇದು ಹೋದರೆ ಇನ್ನೊಂದು ನೆಡಂಗಿಲ್ಲ ಅಂತಾರಲ್ಲ?”

“ನೆಡಂಗಿಲ್ಲ, ಯಜಮಾನ್ರೇ.”

ಹಾಲಪ್ಪ ತಗಡಿನ ಕಡೆ ನೋಡಿದ. ಅವನಿಗೆ ಯಾವ ಅಕ್ಷರವೂ ಬಾರದು.

“ಏನಂತ ಬರೆದೀರಿ?”

“ಕೊಟ್.”

“ಅದು ಯಾರು?”

ಚಿದಾನಂದ ತಗಡಿನ ಚುಕ್ಕೆಯನ್ನು ಹೆಬ್ಬೆರಳಿನಿಂದ ಮುಚ್ಚಿದ.

ಹಾಲಪ್ಪ ಹೊಳೆಯ ಮೆಟ್ಟಿಲಿಗೆ ಹೋಗಿ ಕೂತ. ಚಿದಾನಂದ ಕೊಡ ಎತ್ತಿಕೊಂಡು ತೋಪಿಗೆ ಓಡಿದ. ಅಜ್ಜಯ್ಯ ಅಡ್ಡ ನಿಂತಿದ್ದರು.

“ಎಲ್ಲಿಗೆ?”

“ಸಸಿ ಒಣಗ್ತಿದೆ. ಒಂದು ಕೊಡ ಸುರಿದುಬಿಡ್ತೀನಿ.”

“ಯಾರ ಹೆಸರಿಗೆ?”

“ಅಯ್ಯೋ, ಆ ಅಮ್ಮನ ಹೆಸರಿಗೆ.”

“ಆ ಅಮ್ಮನ ಹೆಸರು ಅಲ್ಲಿಲ್ಲವಲ್ಲ.”

ಚಿದಾನಂದ ಕೊಡವನ್ನು ಅಲ್ಲೇ ಕುಕ್ಕಿದ. ಅರ್ಧ ನೀರು ಅವನ ಕಾಲ ಮೇಲೇ ಚೆಲ್ಲಿತು. ಸಾಯುವ ಗಿಡದ ಮುಂದೆಯೂ ಈ ಮುದುಕರ ಒಗಟು ನಿಲ್ಲುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿದ.

ಆಮೇಲೆ ಒಂದು ಉಪಾಯ ಹೊಳೆಯಿತು. ಮೆಟ್ಟಿಲಿಗೆ ಹೋದ.

“ಯಜಮಾನ್ರೇ, ಮನೇಲಿ ನೀವು ಏನಂತ ಕರೀತಿದ್ರಿ?”

ಹಾಲಪ್ಪ ಹೊಳೆ ನೋಡುತ್ತಲೇ, “ಕೊಟ್ರೀ ಅಂತ” ಅಂದ.

ಚಿದಾನಂದನಿಗೆ ಖುಷಿಯಾಯಿತು. ಸಣ್ಣ ಹೆಸರು. ತಗಡಿಗೆ ಹಿಡಿಸುತ್ತದೆ. ಗಂಡನ ಬಾಯಿಂದಲೇ ಬಂದದ್ದು. ಎಳೆದು ಕರೆಯಲೂ ಬರುತ್ತದೆ, ನೀರಿಗೂ ಕೊರತೆ ಇಲ್ಲ. ಹಳೆಯದನ್ನು ಅಳಿಸಿ, ಇಂಗ್ಲಿಷಿನಲ್ಲಿ ‘ಕೊಟ್ರಿ’ ಎಂದು ಬರೆದ. ಅಜ್ಜಯ್ಯನ ಹಿಡಿತಕ್ಕೆ ಸಿಗದ ಹಾಗೆ ಮಾಡಿದೆ ಎಂದುಕೊಂಡ. ಚುಕ್ಕೆಯನ್ನೂ ಇಡಲಿಲ್ಲ.

ಅಷ್ಟರಲ್ಲಿ ಹೊರನಾಡಿನ ಒಂದು ಗುಂಪು ಬಂತು. ಅದರಲ್ಲಿದ್ದ ಒಬ್ಬ ದಪ್ಪ ಮನುಷ್ಯ ಗಿಂಡಿ ಬಗ್ಗಿಸಿ ಓದಿದ. ಅವನ ದನಿ ದೊಡ್ಡದು.

“ಕೊಟ್ರೀ… ಏ ಕೊಟ್ರೀ…”

ಜೊತೆಯವರು ನಕ್ಕರು. ಅವನು ಮತ್ತೊಮ್ಮೆ ಕರೆದ.

ಮೆಟ್ಟಿಲ ಮೇಲಿದ್ದ ಹಾಲಪ್ಪ ದಡಬಡಿಸಿ ಎದ್ದ. ತಿರುಗಿದ. ಹಿಂದೆ, ಆಚೆ, ಈಚೆ, ಎಲ್ಲ ಕಡೆ ಹುಡುಕಿದ. ಬರಬಹುದಾದವಳು ಬರುವ ದಾರಿಯನ್ನು ನೋಡುವಂತೆ ನೋಡಿದ. ಆಮೇಲೆ ಗೊತ್ತಾಯಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ.

ಗುಂಪು ಹೋದ ಮೇಲೆ ಚಿದಾನಂದನ ಹತ್ತಿರ ಬಂದ.

“ಅದನ್ನು ತೆಗೀರಿ, ಮರಿದೇವ್ರೇ.”

“ನೀವೇ ಹೇಳಿದ್ರಲ್ಲ.”

“ನೀವು ಕೇಳಿದ್ರಿ, ಹೇಳಿದೆ. ಬರೀರಿ ಅನ್ನಲಿಲ್ಲ. ಮಕ್ಕಳ ಮುಂದೆ ಸಹ ಆ ಹೆಸರು ಕರೆದವನಲ್ಲ ನಾನು. ಭಟ್ಟಿ ಉರಿಯೋವಾಗ, ಆ ಸದ್ದಿನಾಗೆ, ಅವಳಿಗೆ ಮಾತ್ರ ಕೇಳೋ ಹಂಗೆ ಕರೀತಿದ್ದೆ. ಅವಳು ಹ್ಞಾಂ ಅಂತಿದ್ದಳು.”

ಚಿದಾನಂದ ಅಜ್ಜಯ್ಯನ ಮುಂದೆ ಹೋಗಿ ನಿಂತ. ಅವನ ಕುಂಚದಿಂದ ಬಣ್ಣ ಜಗಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

“ನನ್ನಿಂದ ಆಗಲ್ಲ, ಅಜ್ಜಯ್ಯ. ನಾನು ಮೊಟಕು ಮಾಡಿದರೆ ಅದು ಯಾರು ಅಂತಾರೆ. ಅವರೇ ಮೊಟಕು ಮಾಡಿದ್ದನ್ನು ಬರೆದರೆ ತೆಗಿ ಅಂತಾರೆ. ನೀವು ಊಟಕ್ಕೆ ಕಲ್ಲು ಹಾಕ್ತೀರಿ, ಇದು ಹಿಂಗೆ ಅಂತ ಒಂದು ಮಾತು ಬಿಚ್ಚಿ ಹೇಳಲ್ಲ. ಒಂದು ಹೆಸರು ಬರೆಯೋದರಲ್ಲಿ ಏನಿದೆ ಇಷ್ಟೆಲ್ಲ?”

“ಕಾಗದದ ಮೇಲೆ ನಿನ್ನ ಹೆಸರು ಏನಂತ ಬರ್ಕೊಳ್ತೀಯ?”

“ಇಂಗ್ಲಿಷಿನಲ್ಲಾ? ಚಿದು ಅಂತ.”

“ಹಂಗೆ ಕರೀತಿದ್ದವರು ಯಾರು?”

ಚಿದಾನಂದ ಕುಂಚವನ್ನು ಜಗಲಿಯ ಮೇಲಿಟ್ಟ.

“ಅವ್ವ.”

“ಈಗ?”

“ಈಗ… ಯಾರು ಬೇಕಾದರೂ.”

ಅಜ್ಜಯ್ಯ ಎದ್ದು ಅಡುಗೆಮನೆಗೆ ಹೋದರು. ಖಾಲಿ ಎಣ್ಣೆ ಡಬ್ಬವೊಂದನ್ನು ತಂದರು. ನಿಂಗಜ್ಜಿ ಹಿಂದೆಯೇ ಬಂದು, “ಅದರಾಗೆ ನಾನು ಹುಣಸೆಹಣ್ಣು ಹಾಕಬೇಕು ಅಂತಿದ್ದೆ” ಎಂದು ಗೊಣಗಿದಳು. ಅಜ್ಜಯ್ಯ ಕೇಳಿಸಿಕೊಳ್ಳಲಿಲ್ಲ. ಡಬ್ಬ ಸೀಳಿ, ಕಲ್ಲಿನ ಮೇಲಿಟ್ಟು, ಬಡಿದು ಬಡಿದು ಹಾಳೆ ಮಾಡಿದರು. ಶಿಷ್ಯನ ಮುಂದೆ ಇಟ್ಟರು.

“ತಗಡು ಸಣ್ಣದು ಅಂದೆಯಲ್ಲ.”

ಚಿದಾನಂದ ಬರೆಯಲು ಕೂತ. ಬಿಸಿಲಿತ್ತು. ಬೆವರಿತ್ತು. ಸಿಟ್ಟೂ ಇತ್ತು, ಆದರೆ ಈಗ ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇಂಗ್ಲಿಷಿನಲ್ಲಿ ಕೊಟ್ಟೂರಬಸಮ್ಮ ಅನ್ನುವುದು ತಗಡಿನ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಅದು ಒಣಗುವ ಹೊತ್ತಿಗೆ ಮಹಾಲಿಂಗಶೆಟ್ಟಿಯವರ ತಗಡನ್ನೂ ಕಿತ್ತು ತಂದ. ನಿಂಗಜ್ಜಿಯ ಹತ್ತಿರ ಇನ್ನೊಂದು ಡಬ್ಬ ಕೇಳಿ ಬೈಸಿಕೊಂಡ.

ಹೊರನಾಡಿನವರು ಬಂದರು. ಈ ಹೆಸರು ಅವರ ನಾಲಿಗೆಗೆ ಸುಲಭಕ್ಕೆ ಬಗ್ಗಲಿಲ್ಲ. ಕೊ… ಟ್ಟೂ… ಎಂದು ತಡವರಿಸುತ್ತಿದ್ದರು. ತಪ್ಪಾಯಿತೆಂದು ಮತ್ತೆ ಮೊದಲಿಂದ ಹಿಡಿಯುತ್ತಿದ್ದರು. ಅಷ್ಟು ಹೊತ್ತೂ ಗಿಂಡಿ ಬಗ್ಗಿಯೇ ಇರುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ಹಾಲಪ್ಪ ಬಂದಾಗ ಸಸಿಯ ಗೆಣ್ಣಿನಲ್ಲಿ ಒಂದು ಕೆಂಪು ಚಿಗುರು ಕಂಡಿತ್ತು.

ಹಾಲಪ್ಪ ಚಿಗುರು ಮುಟ್ಟಲು ಹೋಗಿ ಕೈ ಹಿಂದೆಳೆದ. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡ. ಹೊಳೆಯಿಂದ ಗಿಂಡಿ ತುಂಬಿ ತಂದ. ಬಗ್ಗಿ, ಗಿಡದ ಕಿವಿಯಲ್ಲಿ ಹೇಳುವಂತೆ ಆ ಸಣ್ಣ ಹೆಸರನ್ನೇ ಕರೆದ. ಒಂದೇ ಸಲ.

ನೀರು ಬೀಳುತ್ತಲೇ ಇತ್ತು. ಗಿಂಡಿ ಬರಿದಾಯಿತು. ಬರಿದಾದ ಮೇಲೂ ಅವನು ಅದನ್ನು ಎತ್ತಲಿಲ್ಲ. ಹಾಗೆಯೇ ಬಗ್ಗಿ ನಿಂತಿದ್ದ.

ಜಗಲಿಯಿಂದ ನೋಡುತ್ತಿದ್ದ ಚಿದಾನಂದನಿಗೆ ತಡೆಯಲಾಗಲಿಲ್ಲ.

“ಅಜ್ಜಯ್ಯ, ಅವರು ಕರೆದದ್ದು ಆ ಗೇಣುದ್ದದ ಹೆಸರೇ ಇರಬೇಕು. ಇಡೀ ಗಿಂಡಿ ಸುರಿದುಬಿಟ್ಟರು. ಕಟ್ಟಳೆ ಮುರಿದಂಗಾಗಲಿಲ್ಲವಾ?”

ಅಜ್ಜಯ್ಯ ಹಾಲಪ್ಪನ ಬೆನ್ನನ್ನೇ ನೋಡುತ್ತಿದ್ದರು.

“ಅವನದು ಇನ್ನೂ ಮುಗಿದಿಲ್ಲ, ಚಿದಾನಂದಾ. ಅವನು ಇನ್ನೂ ಕರೀತಿದ್ದಾನೆ.”