ನಕ್ಷೆಗೆ ತಕ್ಕ ಇಡ್ಲಿ

"ಸರ್, ನಾನು ಬರೆದ ಇಡ್ಲಿಯಲ್ಲಿ ಅಳತೆ ಎಲ್ಲಿ ತಪ್ಪಿದೆ, ತೋರಿಸಿ. ತಪ್ಪಿಲ್ಲದಿದ್ದರೆ ಯಾಕೆ ಅಳಿಸಿದಿರಿ?"

ಹೀಗೆ ಕೇಳಿದವನು ಶಿವಪುತ್ರ. ಕಂಪ್ಯೂಟರಿನಲ್ಲಿ ವಸ್ತುಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದ. ಎರಡು ದಿನ ಕೂತು ಬರೆದ ಇಡ್ಲಿಯನ್ನು ಕಲ್ಲಪ್ಪ ಮೇಷ್ಟ್ರು ಕ್ಷಣದಲ್ಲಿ ಅಳಿಸಿಬಿಟ್ಟಿದ್ದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೆಸ್ಸಿನ ಹತ್ತು ಇಡ್ಲಿ ಅಳೆದರೆ ಒಂದೂ ಇನ್ನೊಂದರಂತಿಲ್ಲ, ಅಡುಗೆಯವರಿಗೆ ಕೈ ಹಿಡಿತವೇ ಇಲ್ಲ, ಅದಕ್ಕೇ ಸರಿಯಾದದ್ದೊಂದನ್ನು ತಾನೇ ಬರೆದೆ ಎಂದು ಏರುದನಿಯಲ್ಲೇ ಹೇಳಿದ.

ಮೇಷ್ಟ್ರಿಗೂ ಸಿಟ್ಟು ಬಂದಿತ್ತು. ಆದರೂ ಕುರ್ಚಿ ಎಳೆದುಕೊಂಡು ಕೂತು ಕತೆ ಹೇಳತೊಡಗಿದರು.

ಒಬ್ಬ ನಕ್ಷೆಗಾರನಿದ್ದ. ಬುದ್ಧಿವಂತ, ಆದರೆ ಕೋಪ ಮೂಗಿನ ತುದಿಯಲ್ಲೇ. ಅದೇ ಊರಿನ ಹಾಸ್ಟೆಲಿನಲ್ಲಿ ಇನ್ನೂರು ಮಕ್ಕಳಿಗೆ ಒಬ್ಬಳೇ ಅಡುಗೆಯವಳು. ನಾಲ್ಕು ಸಲ ಹಬೆಗಿಟ್ಟರೂ ಇಡ್ಲಿ ಎಲ್ಲರಿಗೂ ಸಾಕಾಗುತ್ತಿರಲಿಲ್ಲ. ಕೊನೆಯ ಸಾಲಿನ ಮಕ್ಕಳು ಬರಿ ಹೊಟ್ಟೆಯಲ್ಲೇ ಶಾಲೆಗೆ ಓಡುತ್ತಿದ್ದರು. ಅವಳಿಗೆ ಅದನ್ನು ನೋಡಲಾಗಲಿಲ್ಲ. ಒಂದೇ ಸಲಕ್ಕೆ ಇನ್ನೂರು ಬೇಯುವಂಥ ಪಾತ್ರೆ ಬೇಕೆಂದು ವಾರ್ಡನ್ ಬಳಿ ಅಂಗಲಾಚಿದಳು. ಕೆಲಸ ನಕ್ಷೆಗಾರನಿಗೆ ಬಂತು.

ಪುಣ್ಯಾತ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಅಲ್ಲ, ಹಿಟ್ಟು ಹೊಯ್ಯುವುದನ್ನು ಒಂದು ಗಳಿಗೆ ನಿಂತು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೋಟೆಲಿನಿಂದ ಒಂದು ಇಡ್ಲಿ ಕಟ್ಟಿಸಿ ತಂದ. ಅದು ಆರಿ ಕುಗ್ಗಿದ ಮೇಲೆ ವರ್ನಿಯರ್ ಅಳತೆಗೋಲು ಹಿಡಿದು ಅಳೆದ. ಕಂಪ್ಯೂಟರಿನಲ್ಲಿ ಇಡ್ಲಿಯ ಅರ್ಧ ಅಂಚಿನ ಗೆರೆ ಎಳೆದು ಅದನ್ನು ಸುತ್ತ ತಿರುಗಿಸಿದ. ಪರದೆಯ ಮೇಲೆ ಗುಂಡಗಿನ ಇಡ್ಲಿ ಮೂಡಿತು. ಅದರ ಅಗಲಕ್ಕೆ ಕುಳಿ, ಅದರ ಎತ್ತರಕ್ಕೆ ತಟ್ಟೆಯಿಂದ ತಟ್ಟೆಗೆ ಅಂತರ; ಕೂದಲೆಳೆಯಷ್ಟೂ ಹೆಚ್ಚು ಬಿಡಲಿಲ್ಲ. ಪಾತ್ರೆಯಲ್ಲಿ ಸರಿಯಾಗಿ ಇನ್ನೂರು ಹಿಡಿಯಿತು.

ಪಾತ್ರೆ ಬಂದ ಮೊದಲ ದಿನವೇ ಹಿಟ್ಟು ಹಬೆಗೆ ಉಬ್ಬಿತು. ಉಬ್ಬಲು ಜಾಗವೆಲ್ಲಿ? ಇಡ್ಲಿಗಳೆಲ್ಲ ಮೇಲಿನ ತಟ್ಟೆಯ ತಳಕ್ಕೆ ಮೆತ್ತಿಕೊಂಡವು. ತಟ್ಟೆ ಎತ್ತಿದರೆ ಅರ್ಧ ಮೇಲೆ, ಅರ್ಧ ಕೆಳಗೆ. ಅಂದು ಇನ್ನೂರು ಮಕ್ಕಳೂ ಉಪವಾಸ ಹೋದರು.

ಅಡುಗೆಯವಳು ಹೋಗಿ, ಜಾಗ ಸಾಲದೆಂದು ಹೇಳಿದಳು. ನಕ್ಷೆಗಾರನಿಗೆ ಪಿತ್ತ ನೆತ್ತಿಗೇರಿತು. ಪರದೆ ತೋರಿಸಿದ. "ನನ್ನ ನಕ್ಷೆಯಲ್ಲಿ ತಪ್ಪಿಲ್ಲ. ನಿನ್ನ ಹಿಟ್ಟು ಅತಿಯಾಗಿ ಉಬ್ಬುತ್ತದೆ. ಉಬ್ಬದ ಹಾಗೆ ಮಾಡು" ಎಂದ. ವಾರ್ಡನ್ ಅದಕ್ಕೂ ತಲೆಯಾಡಿಸಿದ. ಆಗದಿದ್ದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುತ್ತೇನೆಂದು ಸೇರಿಸಿದ.

ಅವಳ ಹೊಟ್ಟೆಪಾಡೂ ಅದೇ ಒಲೆಯ ಮೇಲಿತ್ತು. ರುಬ್ಬಿದ ಹಿಟ್ಟನ್ನು ಹುಳಿ ಬರಲು ಬಿಡದೆ ಹಾಗೇ ಹೊಯ್ದಳು. ಇಡ್ಲಿ ಉಬ್ಬಲಿಲ್ಲ, ನಕ್ಷೆಗೆ ಸರಿಯಾಗಿ ಬಂತು. ನಕ್ಷೆಗಾರ ತಾನೇ ಬಂದು ಅಳೆದು ನೋಡಿ ಹಿಗ್ಗಿ ಹೀರೇಕಾಯಿಯಾದ. ಮಕ್ಕಳು ಒಂದೊಂದು ಚೂರು ಕಚ್ಚಿ ತಟ್ಟೆಯಲ್ಲೇ ಬಿಟ್ಟು ಎದ್ದರು. ಹಸಿದ ಮಕ್ಕಳ ಹಲ್ಲಿಗೂ ಬಗ್ಗದ ಕಲ್ಲು ಅದು.

ಅಡುಗೆಯವಳ ಸಹನೆಯ ಕಟ್ಟೆಯೊಡೆಯಿತು. ಕೆಲಸ ಹೋದರೆ ಹೋಗಲಿ ಎಂದು ಒಂದು ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ಅಳೆದದ್ದಾಯಿತಲ್ಲ, ಈಗ ತಿನ್ನು."

"ನನ್ನ ತಿಂಡಿ ಆಗಿದೆ" ಎಂದು ಹೇಳಿ ಅವನು ಹೊರಟುಹೋದ.

ಇಲ್ಲಿಗೆ ಮೇಷ್ಟ್ರು ನಿಲ್ಲಿಸಿದರು. ಶಿವಪುತ್ರನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ತಟ್ಟೆಗಳ ನಡುವೆ ಬೆರಳಗಲ ಜಾಗ ಬಿಟ್ಟಿದ್ದರೆ ಸರಿಹೋಗುತ್ತಿತ್ತು, ಅದೊಂದು ದೊಡ್ಡ ತಪ್ಪೇ ಎಂದು ಕೇಳಿದ.

"ತಟ್ಟೆಯನ್ನು ಒಂದು ದಿನದಲ್ಲಿ ಸರಿಮಾಡಬಹುದು ಕಣಯ್ಯಾ, ತಾನು ಬಾಯಿಗಿಡದ ಇಡ್ಲಿಯನ್ನು ಹಸಿದ ಮಕ್ಕಳಿಗೆ ಸರಿ ಎಂದವನನ್ನು ಸರಿಮಾಡಲು ಎಷ್ಟು ದಿನ ಬೇಕು, ಅದನ್ನು ಹೇಳು."